ವರ್ಚುವಲ್ ಮಷಿನ್‌ಗೆ ಕೋರ್ ಹಂಚಿಕೆ: ಜೋಡಿ ಗುರುತಿಸುವ ಕ್ರಮ

ಒಂದು ಗಣಕದೊಳಗೆ ತಂತ್ರಾಂಶದ ನೆರವಿನಿಂದ ನಡೆಯುವ ಮತ್ತೊಂದು ಗಣಕಕ್ಕೆ ವರ್ಚುವಲ್ ಮಷಿನ್ ಎಂದು ಹೆಸರು. ಪಿರಿಯಾಪಟ್ಟಣ, ಹುಣಸೂರಿನಂಥ ತಾಲ್ಲೂಕು ಕೇಂದ್ರಗಳ ಕಾಲೇಜು ಪ್ರಯೋಗಾಲಯಗಳಲ್ಲಿ ಒಂದೇ ಯಂತ್ರದ ಮೇಲೆ ಲಿನಕ್ಸ್ ಮತ್ತು ವಿಂಡೋಸ್ ಎರಡನ್ನೂ ಏಕಕಾಲಕ್ಕೆ ನಡೆಸಬೇಕಾದಾಗ ಇದು ಖರ್ಚು ಉಳಿಸುತ್ತದೆಯಾದರೂ, ಪ್ರೊಸೆಸರ್‌ನ ಯಾವ ಪಾಲು ಯಾವುದಕ್ಕೆ ಎಂಬುದನ್ನು ಅರಿಯದೆ ಹಂಚಿದರೆ ಎರಡೂ ನಿಧಾನಗೊಳ್ಳುತ್ತವೆ.

ಪ್ರೊಸೆಸರ್‌ನೊಳಗಿನ ಸ್ವತಂತ್ರ ಗಣನ ಘಟಕವೇ ಕೋರ್. ಇಂಟೆಲ್ 2002ರಲ್ಲಿ ಬಳಕೆಗೆ ತಂದ ಹೈಪರ್‌ಥ್ರೆಡಿಂಗ್‌ನಲ್ಲಿಯೂ, ಎಎಂಡಿ 2017ರ ರೈಜನ್‌ನಲ್ಲಿ ಅಳವಡಿಸಿದ ಅದೇ ಬಗೆಯ ತಂತ್ರದಲ್ಲಿಯೂ ಒಂದು ಕೋರ್ ಕಾರ್ಯಾಚರಣ ವ್ಯವಸ್ಥೆಗೆ ಎರಡು ಸಿಪಿಯುಗಳಾಗಿ ಕಾಣುತ್ತದೆ, ಇವನ್ನು ಥ್ರೆಡ್‌ಗಳೆನ್ನುತ್ತಾರೆ. ಇಬ್ಬರು ರೈತರು ಒಂದೇ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಹದಗೊಳಿಸಿದಂತೆ, ಇಲ್ಲಿ ಸಂಖ್ಯೆ ಎರಡಾದರೂ ಉರಿ ಒಂದೇ: ಗಣನ ಘಟಕಗಳನ್ನೂ ಹತ್ತಿರದ ಕ್ಯಾಶ್ ಸ್ಮರಣೆಯನ್ನೂ ಎರಡೂ ಹಂಚಿಕೊಳ್ಳುತ್ತವೆ.

ಒಂದೇ ಕೋರ್‌ನ ಎರಡು ಥ್ರೆಡ್‌ಗಳ ಜೋಡಿಯನ್ನು ತಿಳಿಯಲು ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಎಂಬ ಆದೇಶವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಕಿರುಗೆರೆಯೊಡನೆ ಇ ಅಕ್ಷರವನ್ನು ಸೇರಿಸಬೇಕು. ಮೂಡುವ ಪಟ್ಟಿಯಲ್ಲಿ ಕೋರ್ ಅಂಕಣದ ಸಂಖ್ಯೆ ಯಾವ ಎರಡು ಸಾಲುಗಳಲ್ಲಿ ಒಂದೇ ಆಗಿರುತ್ತದೆಯೋ ಆ ಸಿಪಿಯುಗಳೇ ಜೋಡಿ. ಪ್ರತಿ ಸಾಲಿನಲ್ಲೂ ಕೋರ್ ಸಂಖ್ಯೆ ಬೇರೆಯಾಗಿದ್ದರೆ, ಆ ಪ್ರೊಸೆಸರ್‌ಗೆ ಹೈಪರ್‌ಥ್ರೆಡಿಂಗ್‌ನಂಥ ಸೌಲಭ್ಯವಿಲ್ಲ ಅಥವಾ ಯಂತ್ರದ ಆರಂಭಿಕ ಸಂರಚನೆಯಾದ ಬಯೋಸ್‌ನಲ್ಲಿ ಅದನ್ನು ನಿಲ್ಲಿಸಲಾಗಿದೆ.

ಅಕ್ಕಪಕ್ಕದ ಸಂಖ್ಯೆಗಳೇ ಜೋಡಿ ಎಂದು ಊಹಿಸುವುದೇ ಇಲ್ಲಿನ ದೊಡ್ಡ ತಪ್ಪು. 4 ಕೋರ್, 8 ಥ್ರೆಡ್‌ಗಳ ಐ3-10100ರಲ್ಲಿ ಸಾಮಾನ್ಯವಾಗಿ 0ಕ್ಕೆ 4, 1ಕ್ಕೆ 5 ಜೊತೆಯಾಗುತ್ತವೆ. ಆದರೆ ದೊಡ್ಡ, ಸಣ್ಣ ಎಂಬ ಎರಡು ಬಗೆಯ ಕೋರ್‌ಗಳಿರುವ ಇಂಟೆಲ್‌ನ 12ನೇ ತಲೆಮಾರಿನ ಹಲವು ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್‌ಗಳ ಜೋಡಿ 0-1, 2-3 ಎಂದಿದ್ದು, ಸಣ್ಣ ಕೋರ್‌ಗಳು ಒಂಟಿಯಾಗಿರುತ್ತವೆ. ಆದ್ದರಿಂದ ಬೇರೆ ಯಂತ್ರದ ಹಂಚಿಕೆಯನ್ನು ನಕಲು ಮಾಡುವುದು ವ್ಯರ್ಥ.

ಮೇಲಿನ 8 ಥ್ರೆಡ್‌ಗಳ ಯಂತ್ರದಲ್ಲಿ ವರ್ಚುವಲ್ ಮಷಿನ್‌ಗೆ ನಾಲ್ಕು ಸಿಪಿಯು ಕೊಡುವುದಾದರೆ 2, 6, 3, 7 ಎಂಬ ಅನುಕ್ರಮದಲ್ಲಿ ಕೊಟ್ಟು, 0, 4, 1, 5ನ್ನು ಯಂತ್ರದ ಮೂಲ ವ್ಯವಸ್ಥೆಗೆ, ಅಂದರೆ ಆತಿಥೇಯ ವ್ಯವಸ್ಥೆಗೆ ಉಳಿಸಬೇಕು. ವರ್ಚುವಲ್ ಮಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್ ತಂತ್ರಾಂಶದ ಸಂರಚನಾ ಕಡತದಲ್ಲಿ ಸಿಪಿಯು ಹಂಚಿಕೆಯ ವಿಸಿಪಿಯು-ಪಿನ್ ಸಾಲುಗಳನ್ನು ಈ ಅನುಕ್ರಮದಲ್ಲೇ ಬರೆದು, ಕೋರ್‌ಗಳ ವಿನ್ಯಾಸ ತಿಳಿಸುವ ಟೋಪಾಲಜಿ ಸಾಲಿನಲ್ಲಿ 2 ಕೋರ್, ತಲಾ 2 ಥ್ರೆಡ್ ಎಂದು ನಮೂದಿಸಿದರೆ ಒಳಗಿನ ವ್ಯವಸ್ಥೆಗೂ ನಿಜವಾದ ಜೋಡಣೆ ತಿಳಿಯುತ್ತದೆ.

ಒಂದೇ ಜೋಡಿಯನ್ನು ಎರಡು ವರ್ಚುವಲ್ ಮಷಿನ್‌ಗಳಿಗೆ ಒಡೆದು ಕೊಡುವುದು ವೇಗಕ್ಕಷ್ಟೇ ಹಾನಿಯಲ್ಲ. ಹಂಚಿಕೊಂಡ ಕ್ಯಾಶ್‌ನ ಮೂಲಕ ಒಂದರ ದತ್ತಾಂಶ ಇನ್ನೊಂದಕ್ಕೆ ಸೋರಬಹುದೆಂಬುದನ್ನು ಇಂಟೆಲ್ ಪ್ರೊಸೆಸರ್‌ಗಳಲ್ಲಿ 2018ರಲ್ಲಿ ಬಯಲಾದ ಫೋರ್‌ಶ್ಯಾಡೋ ದೋಷ ತೋರಿಸಿತು. ಬಯೋಸ್‌ನಲ್ಲಿ ಹೈಪರ್‌ಥ್ರೆಡಿಂಗ್ ಆಯ್ಕೆಯನ್ನಾಗಲಿ, ಪ್ರೊಸೆಸರನ್ನಾಗಲಿ ಬದಲಿಸಿದಾಗ ಪಟ್ಟಿಯನ್ನು ಮತ್ತೆ ಓದಿಯೇ ಹಂಚಿಕೆಯನ್ನು ತಿದ್ದಬೇಕು.