ಕನ್ನಡದ ಓದಿಗೂ ಮನರಂಜನೆಗೂ ಮಿತವ್ಯಯದ ಟ್ಯಾಬ್ಲೆಟ್: ಆಯ್ಕೆಯ ಕ್ರಮ

ಗಡಿಯಾಚೆಯ ಕನ್ನಡ ಶಾಲೆಯ ಶಿಕ್ಷಕರಿಗೆ ಕನ್ನಡ ಪುಸ್ತಕದಂಗಡಿ ದೂರ. ಜತ್ತ, ಅಕ್ಕಲಕೋಟೆಗಳ ಪೇಟೆಯಲ್ಲಿ ಕಣ್ಣಿಗೆ ಬೀಳುವುದು ಮರಾಠಿ ಪುಸ್ತಕ, ಆದವಾನಿಯಲ್ಲಿ ತೆಲುಗು. ತಾಳವಾಡಿಯವರು ಒಂದು ಕಾದಂಬರಿಗಾಗಿ ಚಾಮರಾಜನಗರಕ್ಕೋ ಮೈಸೂರಿಗೋ ಬಸ್ಸು ಹತ್ತಬೇಕು. ಇಂಥ ಊರುಗಳಲ್ಲಿ ಟ್ಯಾಬ್ಲೆಟ್ ಎಂಬುದು ಕೇವಲ ದೊಡ್ಡ ಫೋನಲ್ಲ. ಸಂಜೆ ಮನೆಯಲ್ಲಿ ಕಥೆ ಓದಲು, ಯಕ್ಷಗಾನ ನೋಡಲು, ಆಕಾಶವಾಣಿ ಕೇಳಲು ಕನ್ನಡದ ಕಡೆಗೆ ತೆರೆದಿರುವ ಕಿಟಕಿ ಅದೊಂದೇ ಆಗಿರಬಹುದು. ಮನೆಯ ಮಕ್ಕಳು ಶಾಲೆಯ ಹೊರಗೆ ಕನ್ನಡವನ್ನು ಕಣ್ಣಿನಿಂದ ಕಾಣುವುದೂ ಬಹುಮಟ್ಟಿಗೆ ಅದರಲ್ಲಿಯೇ. ಆದ್ದರಿಂದ ಸಂಬಳದಿಂದ ಹತ್ತು ಹದಿನೈದು ಸಾವಿರ ರೂಪಾಯಿ ತೆಗೆದಿಡುವ ಶಿಕ್ಷಕರು ಆ ಯಂತ್ರವನ್ನು ಜಾಹೀರಾತಿನ ಅಂಕಿಗಳಿಂದ ಅಳೆಯದೆ, ಕನ್ನಡ ಪುಟದಿಂದ ಅಳೆಯುವುದು ಯುಕ್ತ.

ಪುಟದ ಅಳತೆ, ತೆರೆಯ ಅಳತೆ

ಹಳೆಯ ಕನ್ನಡ ಪುಸ್ತಕಗಳು ಅಂತರಜಾಲದಲ್ಲಿ ಹೆಚ್ಚಾಗಿ ದೊರೆಯುವುದು ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲಿ. ಅದು ಪುಟದ ಛಾಯಾಚಿತ್ರ. ಅದರಲ್ಲಿ ಅಕ್ಷರವನ್ನು ಮಾತ್ರ ದೊಡ್ಡದು ಮಾಡಲಾಗದು. ಪುಟವನ್ನೇ ಹಿಗ್ಗಿಸಬೇಕು, ಆಗ ಸಾಲಿನ ತುದಿ ತೆರೆಯಿಂದ ಹೊರಗೆ ಹೋಗುತ್ತದೆ. ಪ್ರತಿ ಸಾಲಿಗೂ ಬೆರಳಿನಿಂದ ಎಡಕ್ಕೆ ಬಲಕ್ಕೆ ಎಳೆದಾಡುತ್ತ ಯಾರೂ ಕಾದಂಬರಿ ಮುಗಿಸಲಾರರು.

ಇಲ್ಲಿ ಒಂದು ಸಣ್ಣ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಕನ್ನಡ ಕಾದಂಬರಿ, ಕಥಾಸಂಕಲನಗಳು ಬಹಳಷ್ಟು 1/8 ಡೆಮಿ ಆಕಾರದವು: ಅಗಲ 5.5 ಅಂಗುಲ, ಎತ್ತರ 8.5 ಅಂಗುಲ. ಅದರ ಕರ್ಣ ಸುಮಾರು 10.1 ಅಂಗುಲ. ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ 10.1 ಅಂಗುಲದ ಟ್ಯಾಬ್ಲೆಟ್ಟಿನ ತೆರೆಯನ್ನು ಲಂಬವಾಗಿ ಹಿಡಿದರೆ ಅಗಲ 5.35, ಎತ್ತರ 8.56 ಅಂಗುಲ. ಅಂದರೆ ಡೆಮಿ ಪುಟವು ಹೆಚ್ಚುಕಡಿಮೆ ಅಚ್ಚಾದ ಗಾತ್ರದಲ್ಲಿಯೇ ಅದರಲ್ಲಿ ಕೂರುತ್ತದೆ. 8.7 ಅಂಗುಲದ ತೆರೆಯ ಅಗಲ ಸುಮಾರು 4.5 ಅಂಗುಲ, ಪುಟ ನೂರಕ್ಕೆ 81ರಷ್ಟಕ್ಕೆ ಕುಗ್ಗುತ್ತದೆ, ಆದರೂ ಓದಬಹುದು. 6.5 ಅಂಗುಲದ ಫೋನಿನ ಅಗಲ 2.7 ಅಂಗುಲಕ್ಕಿಂತಲೂ ಕಡಿಮೆ. ಪುಟ ಅರ್ಧಕ್ಕಿಂತ ಚಿಕ್ಕದಾಗುತ್ತದೆ. ಫೋನಿನಲ್ಲಿ ಪಿಡಿಎಫ್ ಓದಿ ಬೇಸತ್ತವರು ಬೇಸತ್ತದ್ದು ಓದಿನಿಂದಲ್ಲ, ಈ ಅರ್ಧದಿಂದ.

ಪಠ್ಯಪುಸ್ತಕದ ಮಾತು ಬೇರೆ. ಎ4 ಗಾತ್ರದ ಪುಟದ ಅಗಲ 8.27 ಅಂಗುಲ. ಲಂಬವಾಗಿ ಹಿಡಿದ 10.1 ಅಂಗುಲದ ತೆರೆಯಲ್ಲಿ ಅದು ನೂರಕ್ಕೆ 65ರಷ್ಟಾಗುತ್ತದೆ. ಅದೇ ತೆರೆಯನ್ನು ಅಡ್ಡ ತಿರುಗಿಸಿದರೆ ಪುಟದ ಅಗಲ ಪೂರ್ತಿ ಹಿಡಿಯುತ್ತದೆ. ಅರ್ಧಕ್ಕಿಂತ ತುಸು ಕಡಿಮೆ ಪುಟ ಒಮ್ಮೆಗೆ ಕಾಣುತ್ತದೆ. ಪಾಠದ ತಯಾರಿಗೆ ಅಷ್ಟು ಸಾಕು.

ಅಳತೆಯ ಜೊತೆಗೆ ಚುಕ್ಕಿಗಳ ಸಾಂದ್ರತೆಯನ್ನೂ ನೋಡಬೇಕು. ತೆರೆಯ ಮೇಲಿನ ಚಿತ್ರ ಪಿಕ್ಸೆಲ್ ಎಂಬ ಸೂಕ್ಷ್ಮ ಚುಕ್ಕಿಗಳಿಂದ ಆದುದು. 10.1 ಅಂಗುಲದಲ್ಲಿ 1280 × 800 ಚುಕ್ಕಿಗಳಿದ್ದರೆ ಅಂಗುಲಕ್ಕೆ ಸುಮಾರು 149. 1920 × 1200 ಇದ್ದರೆ 224. ಅಚ್ಚಿನಲ್ಲಿ 12 ಪಾಯಿಂಟ್ ಅಕ್ಷರಕ್ಕೆ ಮೀಸಲಾದ ಎತ್ತರ ಅಂಗುಲದ ಆರನೆಯ ಒಂದು ಭಾಗ. ಮೊದಲನೆಯ ತೆರೆಯಲ್ಲಿ ಆ ಎತ್ತರಕ್ಕೆ 25 ಚುಕ್ಕಿಗಳು, ಎರಡನೆಯದರಲ್ಲಿ 37. ಇಂಗ್ಲಿಷಿಗೆ 25 ಸಾಕಾದೀತು. ಕನ್ನಡಕ್ಕೆ ಅಷ್ಟರಲ್ಲಿಯೇ ತಲೆಕಟ್ಟು, ಗುಣಿತದ ಚಿಹ್ನೆ, ಮೂಲಾಕ್ಷರ, ಅದರ ಕೆಳಗೆ ಒಂದೋ ಎರಡೋ ಒತ್ತಕ್ಷರ ಎಲ್ಲವೂ ಹಿಡಿಯಬೇಕು. ಕಡಿಮೆ ಚುಕ್ಕಿಯ ತೆರೆಯಲ್ಲಿ ತವೊತ್ತು, ನವೊತ್ತುಗಳು ಮಸಿಯ ಬೊಟ್ಟಿನಂತೆ ಕಾಣುವುದು ಈ ಕಾರಣದಿಂದ. 8.7 ಅಂಗುಲದ, 1340 × 800 ಚುಕ್ಕಿಗಳ ತೆರೆಯಲ್ಲಿ ಸಾಂದ್ರತೆ 179 ಇದ್ದರೂ ಪುಟ ಕುಗ್ಗುವುದರಿಂದ ಒಂದು ಅಕ್ಷರಕ್ಕೆ ದಕ್ಕುವುದು 24 ಚುಕ್ಕಿಯಷ್ಟೇ. ಚಿಕ್ಕ ತೆರೆ ಹೆಚ್ಚು ಸ್ಪಷ್ಟವೆಂಬ ಅಂಗಡಿಯ ಮಾತು ಸ್ಕ್ಯಾನ್ ಪುಸ್ತಕದ ಮಟ್ಟಿಗೆ ನಿಲ್ಲುವುದಿಲ್ಲ. ಎರಡು ಸಾವಿರ ರೂಪಾಯಿ ಹೆಚ್ಚು ಕೊಡುವ ಅನುಕೂಲವಿದ್ದಲ್ಲಿ ಅದನ್ನು ಕ್ಯಾಮರಾಕ್ಕೆ ಕೊಡದೆ 1920 × 1200ರ ತೆರೆಗೆ ಕೊಡುವುದು ಲೇಸು. ಟ್ಯಾಬ್ಲೆಟ್ಟಿನ ಕ್ಯಾಮರಾದಿಂದ ಯಾರು ಎಷ್ಟು ಚಿತ್ರ ತೆಗೆದಾರು!

ಮಲಯಾಳಂ ಅಥವಾ ಮರಾಠಿ ವಿಭಾಗದ ಸಹೋದ್ಯೋಗಿಗಳು ಕಿಂಡಲ್‌ನಂಥ ಇ-ಇಂಕ್ ಓದುಗಯಂತ್ರವನ್ನು ಹೊಗಳುವುದುಂಟು. ಕಣ್ಣಿಗೆ ಅದು ಹಿತವೆಂಬುದು ನಿಜ. ಆದರೆ 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳಿಗೆ ಬಾಗಿಲು ತೆರೆದಾಗ ಕನ್ನಡ ಆ ಸಾಲಿನಲ್ಲಿ ಇರಲಿಲ್ಲ. ಅವರಿಗೆ ಒಪ್ಪುವ ಯಂತ್ರ ಕನ್ನಡದ ಓದುಗರಿಗೂ ಒಪ್ಪಬೇಕೆಂದಿಲ್ಲ. ವಿಡಿಯೊ ಅದರಲ್ಲಿ ನೋಡುವಂತೆಯೂ ಇಲ್ಲ.

ಅಕ್ಷರ ಒಡೆಯಬಾರದು

ಇಂದಿನ ಆಂಡ್ರಾಯ್ಡ್ ಯಂತ್ರಗಳಲ್ಲಿ ಕನ್ನಡ ಯೂನಿಕೋಡ್ ಅಕ್ಷರ ಸರಿಯಾಗಿಯೇ ಮೂಡುತ್ತದೆ. ಆದರೂ ಓದುವ ಆ್ಯಪ್‌ಗಳೆಲ್ಲ ಒಂದೇ ಸಮನಲ್ಲ. ಕೆಲವು ಇ-ಪಬ್ ಓದುಗ ಆ್ಯಪ್‌ಗಳಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಹಲಂತವಾಗಿ ನಿಲ್ಲುತ್ತದೆ. ಪರೀಕ್ಷಿಸಲು ಕೆಲವು ಪದಗಳನ್ನು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಬೇಕು: ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಅರ್ಘ್ಯ, ಆರ್ದ್ರಾ, ವೈಶಿಷ್ಟ್ಯ, ಜ್ಯೋತ್ಸ್ನಾ. ಹಳಗನ್ನಡ ಪಾಠ ಮಾಡುವವರು ಱ, ೞ ಅಕ್ಷರಗಳನ್ನೂ ಸೇರಿಸಿಕೊಳ್ಳಲಿ. ಜ್ಯೋತ್ಸ್ನಾ ಎಂಬುದು ಸರಿಯಾಗಿ ಮೂಡಿದ ಕಡೆ ಉಳಿದವುಗಳ ಬಗ್ಗೆ ಹೆಚ್ಚು ಚಿಂತೆ ಬೇಡ.

ಶಿಕ್ಷಕರನ್ನು ಹೆಚ್ಚು ಕಾಡುವುದು ಇನ್ನೊಂದು ತೊಡಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆ, ಪಾಠಟಿಪ್ಪಣಿಗಳು ವರ್ಷಗಟ್ಟಲೆ ಕೂಡಿಬಿದ್ದಿರುತ್ತವೆ. ಅವುಗಳನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯಂತ್ರ ಕೆಟ್ಟಿದೆಯೆಂದು ಭಾವಿಸಿ ಅಂಗಡಿಗೆ ಹಿಂದಿರುಗಿಸಬೇಕಾಗಿಲ್ಲ. ಆ ಫಾಂಟುಗಳು ರೋಮನ್ ಅಕ್ಷರಗಳಿಗೆ ಗೊತ್ತಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದಂಥವು. ಫಾಂಟ್ ಇಲ್ಲದ ಕಡೆ ಮೂಲದ ರೋಮನ್ ಅಕ್ಷರವೇ ಹೊರಬೀಳುತ್ತದೆ. ಗಣಕದಲ್ಲಿಯೇ ಅಂಥ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಶಾಶ್ವತ ಪರಿಹಾರ. ಪಿಡಿಎಫ್ ಮಾಡಿಕೊಂಡರೆ ತಾತ್ಕಾಲಿಕ ಪರಿಹಾರ: ಫಾಂಟು ಕಡತದೊಳಗೇ ಸೇರಿಕೊಳ್ಳುವುದರಿಂದ ಪುಟ ಸರಿಯಾಗಿ ಕಾಣುತ್ತದೆ, ಆದರೆ ಪದವನ್ನು ಹುಡುಕಲಾಗದು, ಗಟ್ಟಿಯಾಗಿ ಓದಿಸಲೂ ಆಗದು. ಕಣ್ಣಿನ ತೊಂದರೆಯುಳ್ಳ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಈ ವ್ಯತ್ಯಾಸ ಸಣ್ಣದಲ್ಲ. ಆಂಡ್ರಾಯ್ಡಿನಲ್ಲಿ ದೊರೆಯುವ ಗೂಗಲ್‌ನ ವಾಚನ ಸೌಲಭ್ಯಕ್ಕೆ ಕನ್ನಡದ ದನಿಯುಂಟು. ಅದು ಯೂನಿಕೋಡ್ ಪಠ್ಯವನ್ನು ಓದಬಲ್ಲುದು, ನುಡಿಯ ಹಳೆಯ ಕಡತವನ್ನಲ್ಲ.

ಒಳಗಿನ ಶಕ್ತಿ

ರ‍್ಯಾಮ್ 4 ಜಿಬಿ, ಸಂಗ್ರಹ 64 ಜಿಬಿ ಇದ್ದರೆ ಓದಿಗೂ ಸಾಮಾನ್ಯ ಮನರಂಜನೆಗೂ ಸಾಕು. ಸಂಗ್ರಹದ ಒಂದು ಭಾಗವನ್ನು ವ್ಯವಸ್ಥೆಯೇ ನುಂಗುತ್ತದೆ. ಆದ್ದರಿಂದ ಮೆಮೊರಿ ಕಾರ್ಡಿನ ಕಿಂಡಿ ಇರುವುದನ್ನೇ ಆರಿಸಬೇಕು. ಸ್ಕ್ಯಾನ್ ಪುಸ್ತಕವೊಂದು ಹತ್ತಾರು ಎಂಬಿ ತೂಗುತ್ತದೆ. ಅದೇ ಪುಸ್ತಕ ಇ-ಪಬ್ ಆಗಿದ್ದರೆ ಒಂದೆರಡು ಎಂಬಿಯಲ್ಲಿ ಮುಗಿಯುತ್ತದೆ. ದುರ್ಬಲ ಪ್ರೊಸೆಸರಿನ ಗುಟ್ಟು ರಟ್ಟಾಗುವುದು ಆಟದಲ್ಲಲ್ಲ, ದಪ್ಪ ಪಿಡಿಎಫಿನ ನಡುವೆ ಪುಟ ತಿರುಗಿಸುವಾಗ. ಪುಟ ಒಂದೆರಡು ಸೆಕೆಂಡಿನಲ್ಲಿ ಸ್ಪಷ್ಟವಾಗದಿದ್ದರೆ ಆ ಯಂತ್ರ ಬೇಡ.

ಬ್ಯಾಟರಿ 7000 ಎಂಎಎಚ್ ಎಂದರೆ ಸುಮಾರು 27 ವಾಟ್-ಗಂಟೆ. ಪೆಟ್ಟಿಗೆಯಲ್ಲಿ ಬರುವ ಚಾರ್ಜರ್ 10 ವಾಟಿನದಾದರೆ ತುಂಬಲು ಮೂರು ಗಂಟೆಗೂ ಹೆಚ್ಚು ಬೇಕು. ದಿನಕ್ಕೆ ಎರಡು ಸಲ ಕರೆಂಟು ಹೋಗುವ ಊರಿನಲ್ಲಿ ಇದನ್ನು ಮೊದಲೇ ಲೆಕ್ಕ ಹಾಕುವುದು ಒಳ್ಳೆಯದು. ಬಳಸಿ ಮಾರಿದ ಹಳೆಯ ಯಂತ್ರ ಅಗ್ಗವೆಂದು ಕೊಳ್ಳುವವರು ಎರಡನ್ನು ಗಮನಿಸಲಿ: ಬ್ಯಾಟರಿಯ ವಯಸ್ಸು, ಆಂಡ್ರಾಯ್ಡಿನ ವಯಸ್ಸು. ಆಂಡ್ರಾಯ್ಡ್ ತೀರ ಹಳೆಯದಾದರೆ ಹೊಸ ಆ್ಯಪ್‌ಗಳು ಒಂದೊಂದಾಗಿ ಕೈಬಿಡುತ್ತವೆ.

ಸಿಮ್ ಹಾಕುವ ಮಾದರಿಗೆ ಬೆಲೆ ಹೆಚ್ಚು. ಫೋನಿನ ಹಾಟ್‌ಸ್ಪಾಟ್ ಇರುವವರಿಗೆ ವೈ-ಫೈ ಮಾತ್ರದ ಮಾದರಿ ಸಾಕು. ವಯನಾಡು, ನೀಲಗಿರಿ, ತಾಳವಾಡಿಯ ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಸಿಗುವ ಕಡೆ ಪುಸ್ತಕ, ಕಾರ್ಯಕ್ರಮಗಳನ್ನು ಇಳಿಸಿಕೊಂಡು ಮನೆಯಲ್ಲಿ ತೆರೆಯುವುದೇ ನಡೆಯುವ ದಾರಿ.

ನೋಡುವುದು, ಕೇಳುವುದು

ಹಣ ಕೊಟ್ಟು ನೋಡುವ ಚಲನಚಿತ್ರ ಸೇವೆಗಳು ಯಂತ್ರದಲ್ಲಿ ವೈಡ್‌ವೈನ್ ಎಂಬ ರಕ್ಷಣೆಯ ಎಲ್1 ಹಂತ ಇದ್ದರೆ ಮಾತ್ರ ಎಚ್‌ಡಿ ಚಿತ್ರ ಕೊಡುತ್ತವೆ. ಎಲ್3 ಇದ್ದರೆ ಚಿತ್ರ ಮಸುಕು. ಪೆಟ್ಟಿಗೆಯ ಮೇಲೆ ಇದನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ, ಕೇಳಬೇಕು. ಯೂಟ್ಯೂಬಿನಲ್ಲಿ ಯಕ್ಷಗಾನ, ನಾಟಕ ನೋಡುವವರಿಗೆ ಇದರಿಂದ ಬಾಧಕವಿಲ್ಲ.

ಕೇಳುವುದು ನೋಡುವುದಕ್ಕಿಂತ ಬಹಳ ಅಗ್ಗ. 64 ಕೆಬಿಪಿಎಸ್ ದರದ ಧ್ವನಿಗೆ ಗಂಟೆಗೆ 29 ಎಂಬಿ ಸಾಕು. ರಾತ್ರಿಯಿಡೀ ಎಂಟು ಗಂಟೆಯ ಪ್ರಸಂಗ 230 ಎಂಬಿಯಲ್ಲಿ ಮುಗಿಯುತ್ತದೆ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಧಾರವಾಡ, ಮಂಗಳೂರು ಆಕಾಶವಾಣಿಗಳು ಸೊಲ್ಲಾಪುರದಲ್ಲಿಯೂ ಹೊಸೂರಿನಲ್ಲಿಯೂ ಒಂದೇ ರೀತಿ ಕೇಳುತ್ತವೆ. ಹಿಂದೆ ರೇಡಿಯೊ ಮುಳ್ಳನ್ನು ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದ ದನಿ ಇದು. ಸ್ಪೀಕರ್ ಎರಡಿದ್ದರೆ ಒಳ್ಳೆಯದು. ಚೆಂಡೆ ಮದ್ದಳೆಗಳ ನಡುವೆ ಭಾಗವತರ ಪದ ಸ್ಪಷ್ಟವಾಗಿ ಕೇಳುವುದೇ ಎಂಬುದು ಅಂಗಡಿಯಲ್ಲಿಯೇ ತಿಳಿಯುತ್ತದೆ.

ಯಂತ್ರದ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಕಾಸರಗೋಡಿನಲ್ಲಿ ಅದು ಮಲಯಾಳಂ ವಿಡಿಯೊಗಳನ್ನೂ ಅಕ್ಕಲಕೋಟೆಯಲ್ಲಿ ಮರಾಠಿಯವನ್ನೂ ಮುಂದಿಡುತ್ತ ಹೋಗಬಹುದು. ನೆರೆಭಾಷೆಯನ್ನು ನೋಡುವುದು ತಪ್ಪಲ್ಲ, ಆಯ್ಕೆ ನೋಡುವವರದಾಗಿರಲಿ.

ಏನನ್ನು ತುಂಬಿಕೊಳ್ಳುವುದು

ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ಕನ್ನಡಕ್ಕೆ ಅನುವಾದಿಸಲೂಬಹುದು. ಮನೆಯಲ್ಲಿ ತುಳು ಅಥವಾ ಮರಾಠಿ ಆಡಿ ಶಾಲೆಗೆ ಬರುವ ಮಗುವಿಗೆ ಚಿತ್ರಕಥೆಯೇ ಮೊದಲ ಮೆಟ್ಟಿಲು. ಹೊಸ ಲೇಖಕರ ಇ-ಪುಸ್ತಕಗಳನ್ನು ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ಗಳಲ್ಲಿ ಕೊಳ್ಳಬಹುದು. ಪಠ್ಯಪುಸ್ತಕಗಳು ಕೇರಳದ ಸಮಗ್ರ, ಮಹಾರಾಷ್ಟ್ರದ ಬಾಲಭಾರತಿ ಜಾಲತಾಣಗಳಲ್ಲಿ ಕನ್ನಡದಲ್ಲಿಯೂ ಉಂಟು.

ಶಿಕ್ಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಪಿಡಿಎಫ್‌ಗಳ ವಿಚಾರದಲ್ಲಿ ಮಾತ್ರ ಎಚ್ಚರ ಅಗತ್ಯ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ 50 ವರ್ಷವೆಂದಿದ್ದ ಅವಧಿ 1992ರ ತಿದ್ದುಪಡಿಯಿಂದ 60 ಆಯಿತು. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ ಎಣಿಕೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕೃತಿಗಳು ಎಂದೋ ಮುಕ್ತವಾಗಿವೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2024ರ ಜನವರಿ 1ರಿಂದ ಎಲ್ಲರವು. ಸೊಲ್ಲಾಪುರದಲ್ಲಿ ಅಧ್ಯಾಪಕರಾಗಿದ್ದ ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೂ, ಕಯ್ಯಾರ ಕಿಞ್ಞಣ್ಣ ರೈಗಳ ಕೃತಿಗಳಿಗೆ 2075ರ ಕೊನೆಯವರೆಗೂ ಹಕ್ಕುದಾರರುಂಟು. ಹಳೆಯ ಕೃತಿಗೆ ಹೊಸಬರು ಬರೆದ ಮುನ್ನುಡಿ, ಟಿಪ್ಪಣಿಗಳಿಗೂ ಬೇರೆ ಹಕ್ಕು ಇರುತ್ತದೆ. ಕನ್ನಡ ಪುಸ್ತಕದ ಅಂಗಡಿ ತಮ್ಮ ಊರಿಗೂ ಬರಲೆಂದು ಬಯಸುವವರೇ ಹೊಸ ಪುಸ್ತಕದ ಕಳ್ಳಪ್ರತಿಯನ್ನು ಮುಂದೂಡಿದರೆ ಪ್ರಕಾಶಕರು ಆ ಊರಿನ ಕಡೆ ತಲೆ ಹಾಕುವುದೆಂತು?

ಅಂಗಡಿಯಲ್ಲಿ

ಒಂದು ಮೆಮೊರಿ ಕಾರ್ಡಿನಲ್ಲಿ ಡೆಮಿ ಗಾತ್ರದ ಸ್ಕ್ಯಾನ್ ಪುಸ್ತಕ, ತಮ್ಮ ರಾಜ್ಯದ ಪಠ್ಯಪುಸ್ತಕದ ಒಂದು ಪಾಠ, ಮೇಲೆ ಹೇಳಿದ ಪದಗಳ ಕಡತ, ಒಂದು ಇ-ಪಬ್ ಕಥೆ, ಒಂದು ಯಕ್ಷಗಾನದ ತುಣುಕು ತುಂಬಿಕೊಂಡು ಹೋಗಬೇಕು. ಕಾರ್ಡು ಹಾಕಲು ಅಂಗಡಿಯವರು ಒಪ್ಪದಿದ್ದರೆ ಫೋನಿನಿಂದ ಬ್ಲೂಟೂತ್ ಮೂಲಕ ಕಳುಹಿಸಬಹುದು. ಆನ್‌ಲೈನಿನಲ್ಲಿ ತರಿಸಿಕೊಳ್ಳುವವರು ಹಿಂದಿರುಗಿಸುವ ಗಡುವು ತೀರುವ ಮುನ್ನ, ಪೆಟ್ಟಿಗೆ ಬಂದ ದಿನವೇ ಈ ಪರೀಕ್ಷೆ ಮುಗಿಸಲಿ. ದುರಸ್ತಿ ಕೇಂದ್ರ ಹತ್ತಿರದ ಯಾವ ಪಟ್ಟಣದಲ್ಲಿದೆ, ಬೇರೆ ರಾಜ್ಯದಲ್ಲಿ ಕೊಂಡದ್ದಕ್ಕೂ ವಾರಂಟಿ ನಡೆಯುವುದೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಯಂತ್ರದ ಕ್ರಮಸಂಖ್ಯೆ ಬರೆಸಿಕೊಳ್ಳತಕ್ಕದ್ದು.

ಮುಂದಿನ ಶಿಕ್ಷಕರ ಸಭೆಗೆ ಒಂದು ಚಟುವಟಿಕೆ: ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದು ಕನ್ನಡ ಪುಸ್ತಕವನ್ನೂ ಒಂದು ಅಳತೆಪಟ್ಟಿಯನ್ನೂ ತರಲಿ. ಪುಟದ ಅಗಲವನ್ನು ಅಳೆದು, 8.7 ಹಾಗೂ 10.1 ಅಂಗುಲದ ತೆರೆಗಳಲ್ಲಿ ಅದು ನೂರಕ್ಕೆ ಎಷ್ಟಾಗುವುದೆಂದು ಲೆಕ್ಕ ಮಾಡಲಿ. ಟ್ಯಾಬ್ಲೆಟ್ ಇರುವ ಒಬ್ಬರು ಅದೇ ಪುಟದ ಚಿತ್ರವನ್ನು ತೆರೆಯ ಮೇಲೆ ತೋರಿಸಲಿ. ಕನ್ನಡಕ ಹಾಕುವವರು ಹಾಕಿಕೊಂಡು, ತೋಳಿನಳತೆಯ ದೂರದಿಂದ, ಒತ್ತಕ್ಷರಗಳನ್ನು ಓದಿ ನೋಡಲಿ.