ಕಾನ್ವೆಂಟ್ ಪ್ರೌಢಶಾಲೆಯ ಓದು ಮತ್ತು ಹತ್ತನೆಯ ತರಗತಿಯ ಹೊಸ್ತಿಲು

ನಮ್ಮ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಕೆಲವರು ಧರ್ಮಭಗಿನಿಯರು ನಡೆಸುವ ಬಾಲಿಕಾ ಪ್ರೌಢಶಾಲೆಗೆ ಸೇರುವುದು ಹಿಂದಿನಿಂದಲೂ ಬಂದ ವಾಡಿಕೆ. ಅಲ್ಲಿನ ವ್ಯಾಸಂಗಕ್ರಮದ ಕುರಿತು ಹೆತ್ತವರು ನನ್ನಲ್ಲಿ ಕೇಳುತ್ತಿದ್ದ ಪ್ರಶ್ನೆಗಳಿಗೆ ಈ ಸುವರ್ಣ ಸಂಚಿಕೆಯಲ್ಲಿ ಉತ್ತರಿಸುವುದು ಉಚಿತವೆಂದು ಭಾವಿಸುತ್ತೇನೆ.

ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಅದೇ ಸಭೆಯವರು 1921ರಲ್ಲಿ ಅಲ್ಲಿ ಸಂತ ಆ್ಯಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕೇ ಆಗಿದ್ದುದರಿಂದ ಆ ವಿದ್ಯೆಯ ಬೆಳಕು ನಮ್ಮವರಿಗೂ ದೂರವಾಗಿರಲಿಲ್ಲ.

ಹೆತ್ತವರ ಮೊದಲ ಅಳುಕು ಮತಬೋಧನೆಯದು. ಇಂಥ ಶಾಲೆಗಳಲ್ಲಿ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ ಕುಳಿತಾಗ ಉಳಿದವರಿಗೆ ನೀತಿಪಾಠ ನಡೆಯುವುದು ರೂಢಿ. ಸರಕಾರದ ನೆರವು ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಮತಬೋಧನೆಗೆ ಕೂರಿಸಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೂ ಈ ಪಾಠಗಳಿಗೂ ಸಂಬಂಧವಿಲ್ಲ.

ಎರಡನೆಯದು ತೇರ್ಗಡೆಯ ನಿಯಮ. ಕೇರಳ ರಾಜ್ಯ ಪಠ್ಯಕ್ರಮದಲ್ಲಿ ಕಾನ್ವೆಂಟಿಗೂ ಸರಕಾರಿ ಶಾಲೆಗೂ ಪರೀಕ್ಷೆ ಒಂದೇ. ಹಿಂದೆ ಒಟ್ಟು 600 ಅಂಕಗಳಲ್ಲಿ 210 ದೊರೆತರೆ ಮಗು ದಡ ಸೇರುತ್ತಿತ್ತು. 2005ರಲ್ಲಿ ಗ್ರೇಡ್ ಪದ್ಧತಿ ಬಂದ ಮೇಲೆ ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ ಡಿ ಪ್ಲಸ್, ಅಂದರೆ ಶೇಕಡಾ 30 ಬೇಕು. ಗಣಿತದಂಥ ವಿಷಯಕ್ಕೆ ಲಿಖಿತ ಪರೀಕ್ಷೆಯ 80 ಅಂಕಗಳ ಜತೆಗೆ ನಿರಂತರ ಮೌಲ್ಯಮಾಪನದ 20 ಅಂಕಗಳಿವೆ. 2026–27ರಿಂದ ಹತ್ತನೆಯ ತರಗತಿಯ ಲಿಖಿತ ಪರೀಕ್ಷೆಯಲ್ಲೇ ಪ್ರತ್ಯೇಕವಾಗಿ ಶೇಕಡಾ 30 ಇರಬೇಕೆಂದು ಸರಕಾರ 2024ರಲ್ಲಿ ನಿರ್ಧರಿಸಿದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಗ್ರೇಡ್ ಪದ್ಧತಿಯ ಆರಂಭದ ವರ್ಷಗಳಲ್ಲಿ, ನಮ್ಮಲ್ಲಿ ಕಲಿತು ಕಾನ್ವೆಂಟಿಗೆ ಸೇರಿದ್ದ ಬಾಲಿಕೆಯೊಬ್ಬಳು ಕನ್ನಡದಲ್ಲಿ ಬಲು ಜಾಣೆ, ಗಣಿತದಲ್ಲಿ ಹಿಂದು. “ಒಟ್ಟು ಅಂಕ ಅವಳನ್ನು ಕಾಯುತ್ತದೆ, ಚಿಂತಿಸಬೇಡಿ” ಎಂದು ಹಳೆಯ ಲೆಕ್ಕದಲ್ಲೇ ಅವಳ ತಂದೆಗೆ ಧೈರ್ಯ ಹೇಳಿದೆ. ಗಣಿತವೊಂದರಲ್ಲೇ ಅವಳು ಸೋತಳು. ಮನೆಯಲ್ಲಿ ವರಾನ್ವೇಷಣೆ ತೊಡಗಿತು. ನಾನು ಹೋಗಿ ನನ್ನ ತಪ್ಪನ್ನು ಹೇಳಿಕೊಂಡು, ಮರುಪರೀಕ್ಷೆಗೆ ಅವಕಾಶ ಬೇಡಿದೆ. ಶಾಲೆಯ ಭಗಿನಿಯೊಬ್ಬರು ದಿನವೂ ಸಂಜೆ ಕೂರಿಸಿಕೊಂಡು ಪಾಠ ಹೇಳಿದರು. ಹುಡುಗಿ ತೇರ್ಗಡೆಯಾಗಿ ಮುಂದೆ ಓದಿದಳು.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ: ಸೇರಿಸುವ ಮೊದಲು ಅಲ್ಲಿ ಕನ್ನಡ ಮಾಧ್ಯಮ ಅಥವಾ ಕನ್ನಡ ಪ್ರಥಮ ಭಾಷೆ ಇದೆಯೇ ಎಂದು ವಿಚಾರಿಸಿ. ಎಂಟನೆಯ ತರಗತಿಯಿಂದಲೇ ಮಗಳ ದುರ್ಬಲ ವಿಷಯವನ್ನು ಗುರುತಿಸಿ. ಒಂದು ವಿಷಯದ ಸೋಲು ಓದಿನ ಕೊನೆಯಾಗದಿರಲಿ.