ಗಾಳಿ ಕಂಬ ನೆಡುವ ಮುನ್ನ ಊರನ್ನು ಕೇಳುವವರು ಯಾರು?

ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ಗಾಳಿ ವಿದ್ಯುತ್ ಕಂಬ ನಿಲ್ಲಿಸಲು ಕೇಂದ್ರ ಸರ್ಕಾರ 2015ರಲ್ಲಿ ನೀತಿ ತಂದಿತು, 2023ರಲ್ಲಿ ಗುತ್ತಿಗೆ ನಿಯಮ ಮಾಡಿತು. ಬಲೆ ಬೀಸುವ ನೀರಿನಲ್ಲಿ ಕಂಬ ನೆಡುವ ಮುನ್ನ ತಮ್ಮನ್ನು ಕೇಳಬೇಕೆಂಬುದು ಅಲ್ಲಿನ ಮೀನುಗಾರರ ವಾದ. ಯಾದಗಿರಿ, ಶಹಾಪುರ, ಸುರಪುರಕ್ಕೆ ಕಡಲಿಲ್ಲ. ಆದರೆ ತೊಗರಿ, ಹತ್ತಿ ಬೆಳೆಯುವ ಎರೆ ಹೊಲದ ಬದುವಿಗೆ ಕಂಪನಿಯ ಜೀಪು ಬಂದು ನಿಂತರೆ ಇಲ್ಲಿನ ರೈತ ಕೇಳುವುದೂ ಅದನ್ನೇ.

ಕಾನೂನಿನ ಉತ್ತರ ನಿರಾಸೆಯದು. ಯಾವ ಯೋಜನೆಗೆ ಪರಿಸರ ಅನುಮತಿ ಬೇಕು, ಯಾವುದಕ್ಕೆ ಸಾರ್ವಜನಿಕ ಆಲಿಕೆ ನಡೆಯಬೇಕು ಎಂದು ಹೇಳುವುದು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ. ನೆಲದ ಮೇಲಿನ ಗಾಳಿ ಮತ್ತು ಸೌರ ವಿದ್ಯುತ್ ಅದರ ಪಟ್ಟಿಯಲ್ಲೇ ಇಲ್ಲ. ಹಸಿರು ವಿದ್ಯುತ್ ಎಂಬ ಕಾರಣಕ್ಕೆ ಊರಿನ ಮಾತನ್ನೂ ಕೈಬಿಟ್ಟದ್ದು ಸರಿಯಲ್ಲ.

ದೊಡ್ಡ ಉಷ್ಣ ಸ್ಥಾವರ, ಗಣಿ, ರಾಸಾಯನಿಕ ಕಾರ್ಖಾನೆಗಳದು ಬೇರೆ ಕಥೆ. ಅವುಗಳ ಆಲಿಕೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಆ ಪತ್ರಿಕೆಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು, ಇಡೀ ಸಭೆಯ ವಿಡಿಯೋ ಚಿತ್ರೀಕರಣ ಆಗಬೇಕು. ಕೋರಂ ಎಂಬುದಿಲ್ಲ, ನಾಲ್ಕೇ ಜನ ಬಂದರೂ ಸಭೆ ಸಭೆಯೇ. ಹಾಗಾಗಿ ಬಹಿಷ್ಕಾರ ಹಾಕಿ ಹೊರಗೆ ನಿಲ್ಲುವುದು ಅಪಾಯ. ಮೈಕಿನಲ್ಲಿ ಹೇಳಿದ್ದನ್ನು ಬರಹದಲ್ಲೂ ಕೊಟ್ಟು, ಸ್ವೀಕೃತಿ ಪಡೆಯುವುದೇ ಜಾಣತನ. ನಡಾವಳಿಯನ್ನು ಕೊನೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ತಮ್ಮ ಮಾತು ಬಿಟ್ಟುಹೋಗಿದ್ದರೆ ತಕರಾರು ಎತ್ತುವ ಗಳಿಗೆ ಅದೇ.

ಬರಹಕ್ಕೆ ಎಷ್ಟು ಬಲ ಎಂಬುದಕ್ಕೆ ಪಕ್ಕದ ವಿಜಯಪುರ ಜಿಲ್ಲೆಯ ಕೂಡಗಿ ಸಾಕ್ಷಿ. ಎನ್‌ಟಿಪಿಸಿಯ ಉಷ್ಣ ಸ್ಥಾವರಕ್ಕೆ 2012ರ ಜನವರಿಯಲ್ಲಿ ಪರಿಸರ ಅನುಮತಿ ಸಿಕ್ಕಿತು. ಜಮೀನು ಬಹುಪಾಲು ಬರಡು ಎಂಬ ಮಾಹಿತಿಯನ್ನು ಪ್ರಶ್ನಿಸಿದ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2014ರ ಮಾರ್ಚ್‌ನಲ್ಲಿ ಮಂಡಳಿ ಆ ಅನುಮತಿಯನ್ನು ಮರುಪರಿಶೀಲನೆಗೆ ಕಳಿಸಿತು. ಸ್ಥಾವರ ಕೊನೆಗೂ ಎದ್ದು ನಿಂತಿತು, ಅದು ಬೇರೆ ಮಾತು. ಆದರೆ ಸಾಗುವಳಿ ಭೂಮಿಯನ್ನು ಕಾಗದದ ಮೇಲೆ ಬರಡು ಮಾಡುವುದು ಅಷ್ಟು ಸುಲಭವಲ್ಲ ಎಂಬುದು ಗೊತ್ತಾಯಿತು.

ಆಲಿಕೆಯಿಂದ ವಿನಾಯಿತಿಗಳೂ ಇವೆ, ಅವು ಯಾದಗಿರಿ ಜಿಲ್ಲೆಯನ್ನೇ ತಟ್ಟುತ್ತವೆ. ಕಡೇಚೂರು-ಬಾಡಿಯಾಳದಂಥ ಕೈಗಾರಿಕಾ ಪ್ರದೇಶಕ್ಕೆ ಒಟ್ಟಾಗಿ ಪರಿಸರ ಅನುಮತಿ ಸಿಕ್ಕಿದ್ದರೆ ಒಳಗಿನ ಒಂದೊಂದು ಕಾರ್ಖಾನೆಗೂ ಪ್ರತ್ಯೇಕ ಆಲಿಕೆ ಸಾಮಾನ್ಯವಾಗಿ ನಡೆಯುವುದಿಲ್ಲ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜಗಳ ಗಣಿಗಾರಿಕೆಯನ್ನು ಸಾರ್ವಜನಿಕ ಸಮಾಲೋಚನೆಯಿಂದಲೇ ಹೊರಗಿಟ್ಟಿತು. ಮನೆ ಬಾಗಿಲಿನ ಗಣಿಯ ಬಗ್ಗೆ ಮಾತನಾಡಲು ವೇದಿಕೆಯೇ ಇಲ್ಲದ ಸ್ಥಿತಿ ಇದು.

ಹಾಗಾದರೆ ಗಾಳಿ ಕಂಬದ ಎದುರು ಉಳಿದ ದಾರಿ ಯಾವುದು? ಗ್ರಾಮ ಸಭೆಯಲ್ಲಿ ವಿಷಯ ಎತ್ತಿ ಠರಾವು ಬರೆಸಬಹುದು. ಅದು ಕಂಪನಿಯನ್ನು ಕಟ್ಟಿಹಾಕದಿದ್ದರೂ ದಾಖಲೆಯಾಗಿ ನಿಲ್ಲುತ್ತದೆ. ಜಮೀನು ಲೀಸಿಗೆ ಕೊಡುವುದಾದರೆ ಒಂದು ವರ್ಷಕ್ಕೆ ಮೀರಿದ ಕರಾರು ನೋಂದಣಿಯಾಗಲೇಬೇಕು. ಬಾಡಿಗೆ ಏರಿಕೆ, ಕಂಬ ಕಿತ್ತು ಹೊಲ ಮೊದಲಿನಂತೆ ಮಾಡಿಕೊಡುವ ಹೊಣೆ ಅದರಲ್ಲೇ ಇರಬೇಕು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ರೈತರು ಭೂಮಿ ಮಾರದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಗೆ ಲೀಸು ಕೊಟ್ಟರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆಯೂ ಸೇರಿತ್ತು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಭೂಸ್ವಾಧೀನದ ನೋಟಿಸ್ ಬಂದರೆ 30 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಯೋಜನೆಯ ನಕ್ಷೆ, ಭೂಪರಿವರ್ತನೆ ಆದೇಶಗಳನ್ನು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು.

ಪರಿಸರ ಅನುಮತಿ ಬೇಕಾದ ಯೋಜನೆಗಳಲ್ಲಿ ಆ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೂ 30 ದಿನವೇ ಗಡುವು. ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಆಚೆಗೆ ಇಲ್ಲ. ವಕೀಲರ ಖರ್ಚಿಗೆ ಹೆದರಿ ಸುಮ್ಮನಿರಬೇಕಾಗಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.